ಜೋಶಿಯವರ ಬಾಗಿಲಲ್ಲಿ ಏದುಸಿರು

ನಮ್ಮ ಕಟ್ಟಡದ ನಾಮಫಲಕಗಳೆಲ್ಲ ನನಗೆ ಕಂಠಪಾಠವಾಗಿವೆ. ಮೊದಲನೆಯ ಮಹಡಿಯ ದೇಶಮುಖರ ಹಿತ್ತಾಳೆಯ ಫಲಕಕ್ಕೆ ಒಂದು ಮೊಳೆ ಕಡಿಮೆ. ಅದು ವರ್ಷಗಳಿಂದ ಎಡಕ್ಕೆ ವಾಲಿಕೊಂಡು ಮನೆಯ ಯಜಮಾನರ ರಾಜಕೀಯ ನಿಲುವನ್ನು ಸೂಚಿಸುತ್ತಿದೆಯೋ ಎಂದು ನನಗೆ ಆಗಾಗ ಅನುಮಾನ ಬರುತ್ತದೆ. ಎರಡನೆಯ ಮಹಡಿಯ ಜೋಶಿಯವರದು ಸಾಗುವಾನಿಯ ಫಲಕ. ಹೆಸರಿನ ಕೆಳಗೆ ಮರಾಠಿಯಲ್ಲಿ ಅಚ್ಚುಕಟ್ಟಾದ ಆದೇಶಗಳಿವೆ: ಗಂಟೆಯನ್ನು ಒಮ್ಮೆ ಒತ್ತಿದರೆ ಸಾಕು, ನಾವು ಕಿವುಡರಲ್ಲ, ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಒತ್ತಲೇಬೇಡಿ, ನಾವು ಮನುಷ್ಯರು. ಮೂರನೆಯ ಮಹಡಿಯ ಫಲಕದಲ್ಲಿ ಹೆಸರು ಮಾಸಿಹೋಗಿ ಪದವಿಗಳು ಮಾತ್ರ ಉಳಿದಿವೆ. ಇಷ್ಟನ್ನು ಕೇಳಿ ನೀವು ನನ್ನನ್ನು ಯಾರೋ ಶಾಸನತಜ್ಞನೆಂದು ಭಾವಿಸಿದರೆ ಅದು ನಿಮ್ಮ ಔದಾರ್ಯ. ನಾನು ಶಾಸನಕ್ಕಾಗಿ ಓದುವವನಲ್ಲ, ಶ್ವಾಸಕ್ಕಾಗಿ ಓದುವವನು.

ವಿಷಯ ಇಷ್ಟೇ. ಪುಣೆಯ ಧನಕವಡಿಯಲ್ಲಿರುವ ನಮ್ಮ ಕಟ್ಟಡ, ಲಿಫ್ಟ್ ಎಂಬುದು ಶ್ರೀಮಂತರ ಚಟವೆಂದು ಜನ ನಂಬಿದ್ದ ಕಾಲದ್ದು. ನನ್ನ ಮನೆ ನಾಲ್ಕನೆಯ ಮಹಡಿಯಲ್ಲಿ. ಕೈಯಲ್ಲಿ ತರಕಾರಿಯ ಚೀಲ ಹಿಡಿದು ಏರುವಾಗ ಪ್ರತಿ ಮಹಡಿಗೂ ನಾನು ನಿಲ್ಲಬೇಕಾಗುತ್ತದೆ. ಆದರೆ ನಿಂತದ್ದು ದಣಿವಿನಿಂದ ಎಂದು ಯಾರಿಗೂ ತಿಳಿಯಬಾರದು. ಆದ್ದರಿಂದ ನಾಮಫಲಕ ಓದುತ್ತೇನೆ. ಒಮ್ಮೆ ಹೀಗೇ ಓದುತ್ತ ನಿಂತಾಗ ಜೋಶಿಯವರು ಬಾಗಿಲು ತೆರೆದು, ಯಾರು ಬೇಕಾಗಿತ್ತು ಎಂದು ಕೇಳಿದರು. ಎಷ್ಟೋ ವರ್ಷಗಳ ನೆರೆಯವನನ್ನು ಹಾಗೆ ಕೇಳಬೇಕೆ? ನಿಮ್ಮ ನಲ್ಲಿಯಲ್ಲಿ ನೀರು ಬಂತೇ ಎಂದು ಕೇಳಲು ಬಂದೆ ಎಂದೆ. ಅಷ್ಟನ್ನು ಹೇಳುವುದಕ್ಕೆ ನನಗೆ ಮೂರು ಉಸಿರು ಬೇಕಾದವು. ಅವರು ನನ್ನನ್ನೂ ಚೀಲವನ್ನೂ ನೋಡಿ, ಬಂದಿದೆ ಎಂದು ಹೇಳಿ ಬಾಗಿಲು ಹಾಕಿಕೊಂಡರು. ಆ ನೋಟ ನೆನಪಾದರೆ ಈಗಲೂ ಕಿವಿ ಬೆಚ್ಚಗಾಗುತ್ತದೆ.

ನಾಚಿಕೆಯ ಮೂಲ ದಣಿವಲ್ಲ, ಉದ್ಯೋಗ. ನಾನು ಇಲ್ಲೇ ಒಂದು ಕಾಲೇಜಿನಲ್ಲಿ ಶರೀರಕ್ರಿಯಾಶಾಸ್ತ್ರದ ಅಧ್ಯಾಪಕ. ಭಾರ ಹೊತ್ತಾಗ ಹೃದಯವೂ ಶ್ವಾಸಕೋಶಗಳೂ ಏನು ಮಾಡುತ್ತವೆ ಎಂಬುದು ನನ್ನ ಅಚ್ಚುಮೆಚ್ಚಿನ ಪಾಠ. ಕೈ ಭಾರವನ್ನು ಬಿಗಿಯಾಗಿ ಹಿಡಿದಾಗ ಬಿಗಿದ ಸ್ನಾಯುಗಳು ತಮ್ಮೊಳಗಿನ ರಕ್ತನಾಳಗಳನ್ನೇ ಹಿಸುಕುತ್ತವೆ. ಅರೆಮುಚ್ಚಿದ ಬಾಗಿಲಿಗೆ ಹೆಗಲು ಕೊಟ್ಟವನಂತೆ ಹೃದಯ ಇನ್ನಷ್ಟು ಒತ್ತಡದಿಂದ ರಕ್ತವನ್ನು ನೂಕಬೇಕಾಗುತ್ತದೆ. ಮೆಟ್ಟಿಲೇರುವ ಕಾಲುಗಳು ಅದೇ ವೇಳೆಗೆ ತಮ್ಮ ಪಾಲಿನ ಪ್ರಾಣವಾಯುವಿಗಾಗಿ ತಗಾದೆ ತೆಗೆಯುತ್ತವೆ. ಉಸಿರು ಮೊದಲು ಆಳವಾಗುತ್ತದೆ, ಅದೂ ಸಾಲದಾದಾಗ ಅವಸರವಾಗುತ್ತದೆ. ಆಗ ಮಾಡಲೇಬಾರದ ಕೆಲಸವೆಂದರೆ ಉಸಿರು ಬಿಗಿಹಿಡಿಯುವುದು. ಹಿಡಿದರೆ ಎದೆಯೊಳಗಿನ ಒತ್ತಡ ಏರಿ, ಹೃದಯಕ್ಕೆ ಮರಳಬೇಕಾದ ರಕ್ತ ಹೊಸ್ತಿಲಲ್ಲೇ ತಡೆಯುತ್ತದೆ. ಬಿಟ್ಟೊಡನೆ ಒಮ್ಮೆಲೇ ನುಗ್ಗುತ್ತದೆ. ಗಟ್ಟಿ ಹೃದಯ ಇದನ್ನು ಸಹಿಸೀತು, ಸೋತ ಹೃದಯದ ಬಗ್ಗೆ ಭರವಸೆ ಕೊಡಲಾಗದು. ಯಂತ್ರವೇ ಬೇಡದ ಒಂದು ಪರೀಕ್ಷೆಯನ್ನೂ ಹೇಳಿಕೊಡುತ್ತೇನೆ: ಹೊತ್ತು ನಡೆಯುವಾಗ ಒಂದು ಪೂರ್ತಿ ವಾಕ್ಯ ಆಡಲು ಬಂದರೆ ಆ ಭಾರ ನಿಮ್ಮದು, ಮಾತು ನಡುವೆ ಕಡಿದರೆ ಇಳಿಸಿಬಿಡಿ. ಮಕ್ಕಳು ಭಕ್ತಿಯಿಂದ ಬರೆದುಕೊಳ್ಳುತ್ತಾರೆ. ಸಂಜೆ ಗುರುಗಳು ಎರಡನೆಯ ಮಹಡಿಯಲ್ಲಿ ಉಸಿರು ಬಿಗಿಹಿಡಿದು ಸಾಗುವಾನಿ ಓದುತ್ತ ನಿಂತಿರುತ್ತಾರೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಇನ್ನು ನಮ್ಮ ಕಡೆಯ ಚೀಲದ ಶಾಸ್ತ್ರವನ್ನು ಹೇಳದೆ ಮುಂದಿನದು ಅರ್ಥವಾಗದು. ಧಾರವಾಡ, ಬೆಳಗಾವಿ ಕಡೆಯ ಮನೆಗಳಲ್ಲಿ ಬಂದ ಅತಿಥಿಯ ಕೈಯಲ್ಲಿ ಚೀಲ ಉಳಿಯಗೊಡುವುದು ಮನೆಯವರಿಗೆ ಅವಮಾನ. ಹಾಗೆಂದು ಕೇಳಿದೊಡನೆ ಚೀಲ ಕೊಟ್ಟುಬಿಡುವುದು ಅತಿಥಿಗೆ ಅವಮಾನ. ಆದ್ದರಿಂದ ಬಾಗಿಲಲ್ಲಿ ಒಂದು ಜಗ್ಗಾಟ ನಡೆಯಲೇಬೇಕು. ಕೊಡ್ರಿ ಎನ್ನುವವರು ಒಬ್ಬರು, ಇರಲಿ ಬಿಡ್ರಿ ಎನ್ನುವವರು ಇನ್ನೊಬ್ಬರು. ಚೀಲದ ಹಿಡಿಕೆ ಕಿತ್ತುಬಂದದ್ದೂ ಉಂಟು. ಬೀಗರಾದರಂತೂ ಈ ಜಗ್ಗಾಟಕ್ಕೆ ಮಲ್ಲಯುದ್ಧದ ಗಾಂಭೀರ್ಯ ಬರುತ್ತದೆ. ಅವರು ಬರಿಗೈಯಲ್ಲಿ ಬರುವ ಹಾಗಿಲ್ಲ, ನಾವು ಅವರಿಗೆ ಹೊರಗೊಡುವ ಹಾಗಿಲ್ಲ.

ನನ್ನ ಬೀಗರು, ಎಂದರೆ ಮಗಳ ಮಾವನವರು, ಬೈಲಹೊಂಗಲದ ಗುರುನಾಥ ಮಾಸ್ತರು. ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರಾಗಿದ್ದು ನಿವೃತ್ತರಾದವರು. ಅಗಲವಾದ ಎದೆ, ಸೀಟಿಯಂಥ ದನಿ. ಮದುವೆಯ ದಿನ ನೀರು ತುಂಬಿದ ತಾಮ್ರದ ಹಂಡೆಯನ್ನು ಸರಿಸಲು ನಾನು ಇಬ್ಬರನ್ನು ಹುಡುಕುತ್ತಿದ್ದಾಗ, ಅವರು ಬಂದು ಒಂದೇ ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟು, ಏನೂ ಆಗದವರಂತೆ ಅಡಿಕೆ ಹೋಳು ಬಾಯಿಗೆ ಹಾಕಿಕೊಂಡರು. ನೆರೆದ ನಮ್ಮ ಬಳಗವೆಲ್ಲ ಒಮ್ಮೆ ಅವರ ತೋಳನ್ನೂ ಒಮ್ಮೆ ನನ್ನ ತೋಳನ್ನೂ ನೋಡಿತು. ಅಂದಿನಿಂದ ನನ್ನ ಮನಸ್ಸಿನಲ್ಲಿ ಆ ಹಂಡೆ ಕೂತುಬಿಟ್ಟಿತ್ತು.

ಕಳೆದ ಚಳಿಗಾಲದಲ್ಲಿ ಮಾಸ್ತರು ಪುಣೆಗೆ ಬಂದರು. ಮಗಳು, ಅಳಿಯ ಇರುವುದು ಊರಿನ ಆ ತುದಿಯ ಖರಾಡಿಯಲ್ಲಿ. ಬೆಳಗಾವಿಯ ಬಸ್ಸು ಬಂದು ನಿಲ್ಲುವುದು ಈ ತುದಿಯ ಕಾತ್ರಜದಲ್ಲಿ. ಇಳಿದ ಕಡೆ ಬೀಗರ ಮನೆಯಿದೆ, ಚಹಾ ಕುಡಿದು ಹೋಗುತ್ತೇನೆಂದು ಫೋನು ಮಾಡಿದರು. ನಾನು ಗೇಟಿಗೆ ಇಳಿದು ನಿಂತೆ. ರಿಕ್ಷಾದಿಂದ ಮಾಸ್ತರು ಇಳಿದರು, ಅವರ ಹಿಂದೆ ಕ್ಯಾನ್ವಾಸಿನ ಒಂದು ಚೀಲ ಇಳಿಯಿತು. ನಾನು ಸಂಪ್ರದಾಯದಂತೆ ಹಿಡಿಕೆಗೆ ಕೈಹಾಕಿ, ಜಗ್ಗಾಟಕ್ಕೆ ಕಾಲೂರಿ ನಿಂತೆ. ಮಾಸ್ತರು ಜಗ್ಗಲಿಲ್ಲ. ಇರಲಿ ಬಿಡ್ರಿ ಎಂದೊಂದು ಮಾತು ಹೇಳಿ ಕೈ ಬಿಟ್ಟುಬಿಟ್ಟರು. ಬೀಗತನದ ಚರಿತ್ರೆಯಲ್ಲಿ ಕೇಳರಿಯದ ಸಂಗತಿ ಅದು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಬಂದದ್ದು ವಿಜಯೋತ್ಸಾಹ.

ಆದರೆ ಚೀಲ ಎತ್ತಿದೊಡನೆ ಉತ್ಸಾಹ ಮೊಣಕಾಲಿಗೆ ಇಳಿಯಿತು. ಅದರೊಳಗೆ ಏನಿತ್ತೆಂದು ಆಮೇಲೆ ತಿಳಿಯಿತು: ಜೋಳದ ಹಿಟ್ಟು, ಅಗಸಿ ಚಟ್ನಿ, ಕರದಂಟು ಮತ್ತು ಎಲ್ಲಕ್ಕೂ ತಳದಲ್ಲಿ ಕುಟ್ಟಣಿಗೆ ಸಹಿತ ಒಂದು ಕಲ್ಲಿನ ಒರಳು. ಮಿಕ್ಸರಿನ ಚಟ್ನಿಗೆ ರುಚಿಯಿಲ್ಲವೆಂದು ನನ್ನ ಹೆಂಡತಿ ಸುಧಾ ಯಾವಾಗಲೋ ಫೋನಿನಲ್ಲಿ ಅಂದಿದ್ದಳಂತೆ. ಬೀಗಿತ್ತಿಯ ಮಾತು ಬೀಳಬಾರದೆಂದು ಅವರು ಬೈಲಹೊಂಗಲದಿಂದ ಕಲ್ಲನ್ನೇ ತಂದಿದ್ದರು. ನಾನು ಹಲ್ಲು ಕಚ್ಚಿ ಏರತೊಡಗಿದೆ. ಏದುಸಿರು ಕೇಳಿಸಬಾರದೆಂದು ಉಸಿರು ಬಿಗಿಹಿಡಿದೆ. ಮೊದಲನೆಯ ಮಹಡಿ ದಾಟುವಾಗ ಕಿವಿಯಲ್ಲಿ ನಗಾರಿ ಬಾರಿಸತೊಡಗಿತು. ಎರಡನೆಯ ಮಹಡಿಯಲ್ಲಿ ಇನ್ನು ನಿಲ್ಲಲೇಬೇಕು ಎನ್ನುವಷ್ಟರಲ್ಲಿ ಹಿಂದಿನ ಹೆಜ್ಜೆಯ ಸಪ್ಪಳವೇ ನಿಂತಿತು. ತಿರುಗಿ ನೋಡಿದರೆ, ಮಾಸ್ತರು ಮೆಟ್ಟಿಲ ಕಟಕಟೆ ಹಿಡಿದು, ಜೋಶಿಯವರ ನಾಮಫಲಕವನ್ನು ಅತ್ಯಂತ ಆಸಕ್ತಿಯಿಂದ ಓದುತ್ತಿದ್ದರು. ಇವರು ನಮ್ಮ ಕಡೆಯ ಜೋಶಿಯವರೇನು ಎಂದು ಕೇಳಿದರು. ಆ ಪ್ರಶ್ನೆ ಎರಡು ತುಂಡಾಗಿ ಬಂತು.

ಹಾವಿನ ಹೆಜ್ಜೆ ಹಾವೇ ಬಲ್ಲದು. ಆ ಆಸಕ್ತಿ ಎಂಥದೆಂದು ಲೋಕದಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ನನಗೆ. ಹಂಡೆ ಎತ್ತಿದ ಮನುಷ್ಯ ಬರಿಗೈಯಲ್ಲಿ ದಣಿದು ನಿಂತಿದ್ದ. ಹಣೆಯ ಮೇಲೆ ಚಳಿಗಾಲದಲ್ಲೂ ಬೆವರಿತ್ತು. ನನ್ನ ಪಾಠದಲ್ಲಿ ಈ ಚಿತ್ರಕ್ಕೆ ಒಂದು ಅಧ್ಯಾಯವೇ ಇದೆ. ನಾನು ಏನು ಮಾಡಿದೆ ಗೊತ್ತೇ? ಸಂತೋಷಪಟ್ಟೆ. ಸುಮ್ಮನೆ ಸಣ್ಣಗೆ ಅಲ್ಲ, ಹೊಟ್ಟೆತುಂಬ ಸಂತೋಷಪಟ್ಟೆ. ಆ ಸಂತೋಷದ ಬಲದಲ್ಲೇ ಉಳಿದ ಮೆಟ್ಟಿಲುಗಳನ್ನು ನಿಲ್ಲದೆ ಏರಿ, ಚೀಲವನ್ನು ಅಡುಗೆಮನೆಯ ಮೂಲೆಗೆ ಇಟ್ಟು, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು, ಅದರ ಸದ್ದಿನ ಮರೆಯಲ್ಲಿ ಏದುಸಿರು ತೀರಿಸಿಕೊಂಡು ಬಂದೆ.

ಮುಂದಿನದನ್ನು ಬರೆಯಲು ಲೇಖನಿ ಹಿಂಜರಿಯುತ್ತದೆ. ಅವಲಕ್ಕಿ, ಚಹಾ ಬಂದವು. ನಾನು ಗೆದ್ದ ಜಟ್ಟಿಯ ಠೀವಿಯಲ್ಲಿ ಕೂತು ವ್ಯಾಖ್ಯಾನ ಆರಂಭಿಸಿದೆ. ನನ್ನ ನಾಡಿ ಎಷ್ಟು ನಿಧಾನವೆಂದು ಹೇಳಿದೆ. ಹೃದಯವೂ ಶ್ವಾಸಕೋಶವೂ ಮನೆಯ ಆಳುಗಳಿದ್ದಂತೆ, ಕೆಲಸ ಕೊಡದಿದ್ದರೆ ಮೈಗಳ್ಳರಾಗುತ್ತವೆ ಎಂದೆ. ನಮ್ಮ ವಯಸ್ಸಿನವರಿಗೆ ದಮ್ಮು ಹತ್ತಿದರೆ ಅದು ರೋಗವಲ್ಲ, ಸೋಮಾರಿತನದ ಸಂಬಳ ಎಂದೆ. ಮಾಸ್ತರು ಬಟ್ಟಲಿನಲ್ಲಿ ಚಮಚ ಆಡಿಸುತ್ತ ಕೇಳುತ್ತಿದ್ದರು. ನಡುವೆ ಒಮ್ಮೆ, ಕಿಟಕಿಯ ಕಡೆ ನೋಡುತ್ತ, ಮೆಲ್ಲಗೆ ಅಂದರು:

"ನಮ್ಮ ಗೆಳ್ಯಾ ಒಬ್ಬಾಂವ ಇದ್ದಾನ್ರಿ. ನಾಲ್ಕು ಮೆಟ್ಟಲಾ ಏರಿದ್ರ ಎದಿ ಹಿಡಿದಂಗ ಆಗ್ತದಂತ. ನಿಂತ್ರ ಸರಿ ಹೋಗ್ತದಂತ. ಅದು ಏನಿರಬೇಕ್ರಿ?"

ಮೊದಲನೆಯ ವರ್ಷದ ವಿದ್ಯಾರ್ಥಿಯೂ ನಿದ್ದೆಯಲ್ಲಿ ಉತ್ತರಿಸಬಲ್ಲ ಪ್ರಶ್ನೆ. ದುಡಿದಾಗ ಹಿಡಿಯುವ, ನಿಂತಾಗ ಬಿಡುವ ಎದೆನೋವಿಗೆ ಶಾಸ್ತ್ರದಲ್ಲಿ ಹೆಸರಿದೆ: ಹೃದಯಕ್ಕೇ ರಕ್ತ ಒಯ್ಯುವ ನಾಳ ಕಿರಿದಾಗಿರಬಹುದೆಂಬ ಎಚ್ಚರಿಕೆ ಅದು. ನಾನು ನಕ್ಕು, ನಿಮ್ಮ ಗೆಳೆಯರಿಗೆ ನೀವೇ ನಾಲ್ಕು ದಿನ ಡ್ರಿಲ್ ಮಾಡಿಸಿ ಎಂದೆ. ಮಾಸ್ತರೂ ನಕ್ಕರು. ಹೌದ್ರಿ, ಮಾಡಸ್ಬೇಕು ಅಂದರು. ಸ್ವಲ್ಪ ಹೊತ್ತಿಗೆ ಖರಾಡಿಗೆ ತಡವಾಗುತ್ತದೆಂದು ಎದ್ದರು. ಕೆಳಗೆ ಬಂದು ರಿಕ್ಷಾ ಹತ್ತಿಸುತ್ತೇನೆ ಎಂದರೆ, ಕೈಯಲ್ಲಿ ಈಗ ಭಾರವೇನೂ ಇಲ್ಲ, ನೀವು ಬರಬೇಡಿ ಎಂದು ತಡೆದರು. ನಾನೂ ಹೆಚ್ಚು ಒತ್ತಾಯಿಸಲಿಲ್ಲ. ಇಳಿದರೆ ಮತ್ತೆ ಏರಬೇಕಲ್ಲ!

ಸುಧಾ ಬಟ್ಟಲು ಎತ್ತಲು ಬಂದಳು. ಮಾಸ್ತರ ಚಹಾ ಕೆನೆಗಟ್ಟಿ ಹಾಗೇ ಉಳಿದಿತ್ತು. ಅವಳು ಜಗಳದ ದನಿಯಲ್ಲಿ ಅಲ್ಲ, ತೊಳೆದ ಪಾತ್ರೆಯನ್ನು ಗೂಡಿಗಿಡುವಷ್ಟು ಸಹಜವಾಗಿ ಹೇಳಿದಳು:

"ಅವರು ಏನೋ ಕೇಳಲಿಕ್ಕೆ ಬಂದಿದ್ರು. ನೀವು ಹೇಳಲಿಕ್ಕೆ ಕೂತ್ರಿ."

ಮೂವತ್ತು ವರ್ಷ ಪಾಠ ಹೇಳಿದವನಿಗೆ ಇದಕ್ಕಿಂತ ಚಿಕ್ಕ ಪಾಠವನ್ನು ಯಾರೂ ಹೇಳಿರಲಿಲ್ಲ. ಖರಾಡಿಯ ದಾರಿ ಬಿಟ್ಟು ಇಲ್ಲಿಗೆ ಬಂದದ್ದು ಬಸ್ಸಿನ ನಿಲ್ದಾಣದ ದೆಸೆಯಿಂದಲ್ಲ. ಮಗನಿಗೆ ಹೇಳಿದರೆ ಗಾಬರಿಯಾದಾನು, ಡಾಕ್ಟರರಿಗೆ ಹೇಳಿದರೆ ಮಲಗಿಸಿಯಾರು, ಬೀಗರಾದರೆ ಎದೆಯ ವಿಷಯ ಓದಿದವರು, ಮಾತಿನಲ್ಲಿ ಮಾತಾಗಿ ಕೇಳಿನೋಡೋಣ ಎಂದು ಆ ಮನುಷ್ಯ ಕಲ್ಲು ಹೊತ್ತು ಬಂದಿದ್ದ. ನನ್ನ ಎದೆ ಎಷ್ಟು ಗಟ್ಟಿಯೆಂದು ತೋರಿಸುವ ಭರದಲ್ಲಿ ಅವರ ಬಾಯಿ ಮುಚ್ಚಿಸಿಬಿಟ್ಟಿದ್ದೆ. ಛೀ ಅನ್ನಿಸಿತು. ಚಪ್ಪಲಿ ಮೆಟ್ಟದೆ ಓಡಿದೆ.

ನಾಲ್ಕು ಮಹಡಿ ಇಳಿದು, ಬೀದಿಯ ತಿರುವಿನವರೆಗೆ ಓಡಿ, ರಿಕ್ಷಾ ಕಾಣದೆ ಗೇಟಿಗೆ ಮರಳಿ ಓಡಿಬಂದರೆ, ಮಾಸ್ತರು ಎಲ್ಲಿಗೂ ಹೋಗಿರಲಿಲ್ಲ. ಗೇಟಿನ ಒಳಗೆ ಕಾವಲುಗಾರನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು, ಅವಸರದಲ್ಲಿ ನಾನೇ ನೋಡದೆ ಅವರನ್ನು ದಾಟಿ ಓಡಿದ್ದೆ. ನಾನು ಅವರ ಮುಂದೆ ನಿಂತು ಬಾಯಿ ತೆರೆದೆ. ಮಾತು ಬರಲಿಲ್ಲ. ಬಂದದ್ದು ಬರೀ ಗಾಳಿ, ಕಮ್ಮಾರನ ತಿದಿಯ ಹಾಗೆ. ಬಗ್ಗಿ ಮೊಣಕಾಲಿನ ಮೇಲೆ ಕೈಯೂರಿದೆ. ಮುಚ್ಚಿಕೊಳ್ಳಲು ನಲ್ಲಿಯಿರಲಿಲ್ಲ, ಓದಲು ನಾಮಫಲಕವಿರಲಿಲ್ಲ. ಮಾಸ್ತರು ಗಾಬರಿಯಾಗಿ ಎದ್ದು ನಿಂತರು. ಎದೆ ಹಿಡಿದು ಬಂದ ಆ ಮನುಷ್ಯ ನನ್ನ ರಟ್ಟೆ ಹಿಡಿದು ತಮ್ಮ ಕುರ್ಚಿಯಲ್ಲಿ ಕೂರಿಸಿ, ಮೊದಲ ಉಸಿರು ತಗೋರಿ ಎಂದು ಡ್ರಿಲ್ ಮಾಸ್ತರ ದನಿಯಲ್ಲಿ ಆಜ್ಞೆ ಮಾಡಿದರು. ತಗೊಂಡೆ. ಮಾತು ಮರಳಿದಾಗ, ನನಗೂ ದಿನಾಲೂ ದಮ್ಮು ಹತ್ತುತ್ತದೆಂದೂ ನಾಮಫಲಕ ಓದುವುದು ಅದಕ್ಕೇ ಎಂದೂ ಹೇಳಿದೆ. ಅವರು ಗೇಟಿನ ಸರಳಿಗೆ ಕೈಯೂರಿ, ಆ ಗೆಳ್ಯಾ ನಾನೇ ರೀ ಎಂದರು.

ಮರುದಿನ ಇಬ್ಬರೂ ಆಸ್ಪತ್ರೆಗೆ ಹೋದೆವು. ಎದೆಗೆ ತಂತಿ ಅಂಟಿಸಿ, ಓಡುವ ಪಟ್ಟಿಯ ಮೇಲೆ ನನ್ನನ್ನು ನಡೆಸಿದರು. ನನ್ನ ಹೃದಯ ನಿರ್ದೋಷಿ, ದೋಷವೆಲ್ಲ ಹೃದಯವಂತನದು ಎಂಬ ಅರ್ಥದ ವರದಿ ಬಂತು. ನಾನು ಯಾವುದನ್ನು ಸೋಮಾರಿತನದ ಸಂಬಳ ಎಂದಿದ್ದೆನೋ ಅದು ನನಗೇ ಬರುವ ಸಂಬಳವಾಗಿತ್ತು. ಮಾಸ್ತರನ್ನು ಪಟ್ಟಿಯ ಮೇಲೆ ಹತ್ತಿಸುವ ಮಾತೇ ಬರಲಿಲ್ಲ. ನಾಳದಲ್ಲಿ ಅಡ್ಡಿಯಿತ್ತು, ತಡಮಾಡದೆ ತೆರೆದರು. ಆ ಭಾರ ಹೊತ್ತು ನಾಲ್ಕು ಮಹಡಿ ಏರಿದ್ದರೆ ಏನಾಗುತ್ತಿತ್ತೋ ಹೇಳಲಾಗದು ಎಂದು ಡಾಕ್ಟರರು ಅಂದಾಗ ಅಳಿಯ ನನ್ನ ಎರಡೂ ಕೈ ಹಿಡಿದುಕೊಂಡ.

ನನ್ನ ನಿಜವಾದ ಶಿಕ್ಷೆ ಶುರುವಾದದ್ದು ಅಲ್ಲಿಂದ. ಚೇತರಿಸಿಕೊಂಡ ಮಾಸ್ತರು ಕಂಡಕಂಡವರಿಗೆ ಹೇಳತೊಡಗಿದರು: ಬೀಗರು ಗೇಟಿನಲ್ಲೇ ನನ್ನ ಮುಖ ನೋಡಿ ರೋಗ ಹಿಡಿದರು, ಅದಕ್ಕೇ ಚೀಲ ಕಸಿದುಕೊಂಡರು, ನಾನು ಹೊರಟುಬಿಟ್ಟಾಗ ಬರಿಗಾಲಲ್ಲಿ ಓಡಿಬಂದು ಜೀವ ಉಳಿಸಿದರು. ಮೊಮ್ಮಗಳಿಗೆ ಹೆಸರಿಟ್ಟ ದಿನ ಇಡೀ ಬಳಗದೆದುರು, ವಿದ್ಯೆ ಅಂದರೆ ಹೀಗಿರಬೇಕು ಎಂದು ನನಗೆ ಶಾಲು ಹೊದಿಸಿದರು. ಹಿಂದೆ ನಮ್ಮಿಬ್ಬರ ತೋಳುಗಳನ್ನು ಹೋಲಿಸಿ ನೋಡಿದ್ದ ಅದೇ ಬಳಗ ಈಗ ಚಪ್ಪಾಳೆ ತಟ್ಟಿತು. ಸುಧಾ ಮಾತ್ರ ತಟ್ಟಲಿಲ್ಲ, ಕೈಯಲ್ಲಿ ಮಗುವಿತ್ತು ಎಂದು ಆಮೇಲೆ ಹೇಳಿದಳು. ಒರಳುಕಲ್ಲನ್ನು ಹೊತ್ತವನಿಗೆ ಆ ಶಾಲನ್ನು ಹೊರಲಾಗಲಿಲ್ಲ. ನಿಜ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ. ಪ್ರತಿ ಸಲವೂ ಮಾತು ನಡುವೆ ಕಡಿಯಿತು. ನನ್ನದೇ ಪರೀಕ್ಷೆಯ ಪ್ರಕಾರ ಆ ಭಾರ ನನ್ನದಲ್ಲ, ಇಳಿಸಿಬಿಡಬೇಕು.

ಹೋದ ತಿಂಗಳು ಮಾಸ್ತರು ಮತ್ತೆ ಬಂದರು. ನಿಧಾನವಾಗಿ ಮೆಟ್ಟಿಲೇರಲು ಡಾಕ್ಟರರ ಅಪ್ಪಣೆ ಇತ್ತು. ಕೈಯಲ್ಲಿ ಮತ್ತೊಂದು ಚೀಲ. ಬರೀ ಹಿಟ್ಟು, ಚಟ್ನಿ. ಈ ಸಲ ಗೇಟಿನಲ್ಲಿ ಜಗ್ಗಾಟ ಶಾಸ್ತ್ರೋಕ್ತವಾಗಿ ನಡೆಯಿತು. ಅವರು ಬಿಡಲೊಲ್ಲರು, ನಾನು ಬಿಡಲೊಲ್ಲೆ. ಅವರ ಹಿಡಿತ ಬಿಗಿಯಾಗಿದ್ದುದು ತಿಳಿದು ನನಗೆ ಎಂಥ ಸಮಾಧಾನವಾಯಿತೆಂದು ಹೇಳಲಾರೆ. ಕೊನೆಗೆ ಹಿಡಿಕೆಗೊಬ್ಬರಂತೆ ಹಿಡಿದು, ಊರಿನ ಸುದ್ದಿ ಆಡುತ್ತ ಏರಿದೆವು. ಎರಡನೆಯ ಮಹಡಿಗೆ ಬರುವಾಗ ವಾಕ್ಯ ಮೊದಲು ಕಡಿದದ್ದು ನನ್ನದೇ. ನಿಂತೆವು. ಮಾಸ್ತರು ಜೋಶಿಯವರ ಬಾಗಿಲಿಗೆ ಕೈ ತೋರಿ, ಇದೇ ಜಾಗದಲ್ಲಿ ನೋಡ್ರಿ, ನೀವು ತಿರುಗಿ ನೋಡಿ ನನ್ನ ರೋಗ ಖಾತ್ರಿ ಮಾಡಿಕೊಂಡದ್ದು ಎಂದು ಮತ್ತೆ ತೆಗೆದರು. ಇನ್ನು ತಡೆಯಲಾಗಲಿಲ್ಲ.

"ನಾ ರೋಗ ನೋಡಿದ್ದಿಲ್ರಿ. ನಿಮಗ ದಮ್ಮು ಹತ್ತಿದ್ದು ನೋಡಿ ನನಗ ಖುಷಿ ಆಗಿತ್ತು. ಭಾಳ ಖುಷಿ ಆಗಿತ್ತು."

ಮಾಸ್ತರು ನನ್ನ ಮುಖ ನೋಡಲಿಲ್ಲ. ನಾಮಫಲಕವನ್ನೇ ನೋಡುತ್ತಿದ್ದರು, ಮಧ್ಯಾಹ್ನದ ಆದೇಶವನ್ನು ಎರಡೆರಡು ಸಲ ಓದಿದಂತೆ ಕಂಡಿತು. ನನ್ನ ಹೃದಯ, ಯಾವ ಭಾರವೂ ಹೆಚ್ಚದಿದ್ದರೂ, ಓಡತೊಡಗಿತು.

"ಚೀಲದಾಗ ಕಲ್ಲಿತ್ತು," ಎಂದರು ಕೊನೆಗೆ. "ನಾ ಹೇಳಿದ್ದಿಲ್ಲ. ನಿಮ್ಮ ಕಿವಿ ಕೆಂಪಾಗೂದು ಹಿಂದಿನಿಂದ ನೋಡಕೋತ ಬಂದೆ. ನನಗೂ ಖುಷಿ ಆಗಿತ್ರಿ."

ಆಗ ಜೋಶಿಯವರ ಬಾಗಿಲು ತೆರೆಯಿತು. ಯಾರು ಬೇಕಾಗಿತ್ತು ಎಂದು ಅದೇ ಪ್ರಶ್ನೆ. ನೀರಿನ ಸುದ್ದಿ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಯಾರೂ ಬೇಡ, ನಮ್ಮಿಬ್ಬರಿಗೂ ದಮ್ಮು ಹತ್ತಿದೆ ಎಂದು ಮರಾಠಿಯಲ್ಲಿ ಹೇಳಿದೆ. ಜೋಶಿಯವರು ಮುಖದ ಒಂದು ಗೆರೆಯನ್ನೂ ಸಡಿಲಿಸದೆ, ಗೊತ್ತು, ಎಷ್ಟೋ ವರ್ಷಗಳಿಂದ ಗೊತ್ತು, ಆ ಫಲಕದಲ್ಲಿ ಇನ್ನೂ ಓದುವುದು ಉಳಿದಿದೆಯೇ ಎಂದು ನೋಡಲು ಬಂದೆ ಎಂದರು. ಒಳಗೆ ಹೋಗಿ ಒಂದು ಕುರ್ಚಿ ತಂದಿಟ್ಟರು. ನೀವು ಕೂಡ್ರಿ ಎಂದೆ ನಾನು. ನೀವು ಕೂಡ್ರಿ ಎಂದರು ಮಾಸ್ತರು. ನಾನು ಅವರ ರಟ್ಟೆ ಹಿಡಿದೆ, ಅವರು ನನ್ನ ರಟ್ಟೆ ಹಿಡಿದರು. ಜೋಶಿಯವರು ಸ್ವಲ್ಪ ಹೊತ್ತು ನೋಡಿ, ನಮ್ಮ ಚೀಲವನ್ನು ಎತ್ತಿ ಕುರ್ಚಿಯ ಮೇಲೆ ಕೂರಿಸಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಚೀಲ ಆರಾಮಾಗಿ ಕೂತಿತು. ನಾವಿಬ್ಬರು ಬೀಗರು ಅದರ ಆಚೆಗೊಬ್ಬರು ಈಚೆಗೊಬ್ಬರು ನಿಂತು, ಯಾರ ಹೆಸರನ್ನೂ ಓದದೆ, ಬಾಯಿ ತೆರೆದು ಏದುಸಿರು ಬಿಟ್ಟೆವು.